ಮರದಡಿಯ ಒಣ ನೆರಳಿಗೆ ಗಿಡ ಆರಿಸುವುದು: ಎಲೆಗಿಂತ ಮೊದಲು ಬೇರು ನೋಡಿ

ಮಾವಿನ ಮರದ ಕೆಳಗೆ, ಸಜ್ಜೆಯಡಿ, ಮನೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಸಂದಿಯಲ್ಲಿ ಏನು ನೆಟ್ಟರೂ ಸೊರಗುತ್ತದೆ ಎಂದು ನೆರಳನ್ನು ದೂರುವವರೇ ಹೆಚ್ಚು. ಅಲ್ಲಿ ಗಿಡ ಸಾಯುವುದು ಬಹುಪಾಲು ನೀರಿಲ್ಲದೆ. ದಟ್ಟ ಎಲೆಗಳು ಸಣ್ಣ ಮಳೆಯನ್ನು ನೆಲಕ್ಕೆ ಬಿಡುವುದೇ ಇಲ್ಲ. ಬಿದ್ದಷ್ಟನ್ನೂ ಮೇಲ್ಮಣ್ಣಿನ ಒಂದೂವರೆ ಅಡಿಯೊಳಗೆ ಹರಡಿರುವ ಮರದ ಸಣ್ಣ ಬೇರುಗಳು ಹೀರಿಬಿಡುತ್ತವೆ. ನರ್ಸರಿಯಲ್ಲಿ ‘ನೆರಳಿಗೆ ಆಗೋ ಗಿಡ ಕೊಡಿ’ ಎಂದರೆ ಜರಿಗಿಡ, ಪೀಸ್ ಲಿಲಿ, ಕಲೇಡಿಯಂ ತೋರಿಸುತ್ತಾರೆ. ಅವು ನೆರಳಿನ ಗಿಡಗಳೇ, ಆದರೆ ತೇವದ ನೆರಳಿನವು.

ಮೊದಲು ಜಾಗ ಪರೀಕ್ಷಿಸಿ. ಒಳ್ಳೆಯ ಮಳೆ ಬಂದ ಮರುದಿನ ಕೈಗುದ್ದಲಿಯಿಂದ ನಾಲ್ಕು ಇಂಚು ಕೆದಕಿ. ಮಣ್ಣು ಪುಡಿಪುಡಿಯಾಗಿದ್ದರೆ ಅದು ಒಣ ನೆರಳು. ನೆಲದ ಮೇಲೆ ಪಾಚಿ ಕಟ್ಟಿದ್ದರೆ ಅಲ್ಲ. ಮುಂದೆ ಹೇಳುವ ಗಿಡಗಳಲ್ಲಿ ಹೆಚ್ಚಿನವು ಅಲ್ಲಿ ಕೊಳೆಯುತ್ತವೆ. ಮನೆಯ ಉತ್ತರದ ಗೋಡೆ ವರ್ಷವಿಡೀ ನೆರಳು ಎಂದುಕೊಳ್ಳಬೇಡಿ. ಬೆಂಗಳೂರು, ಮೈಸೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜನವರಿಯಲ್ಲಿ ತಂಪಾಗಿ ಕಂಡ ಮೂಲೆ ಮೇ ತಿಂಗಳಲ್ಲಿ ಎಲೆ ಸುಡುತ್ತದೆ. ಆದ್ದರಿಂದ ಮೇ ತಿಂಗಳ ಬಿಸಿಲನ್ನು ನೋಡಿಯೇ ತೀರ್ಮಾನಿಸಿ.

ಗಿಡ ಆರಿಸುವಾಗ ಕವರಿನ ಮಣ್ಣು ಸ್ವಲ್ಪ ಸರಿಸಿ, ಬೇರು ನೋಡಿ. ತನ್ನೊಳಗೇ ನೀರು ಕೂಡಿಟ್ಟುಕೊಳ್ಳುವ ಗಿಡ ಮರದ ಬೇರಿನ ಪೈಪೋಟಿಯಲ್ಲೂ ಉಳಿಯುತ್ತದೆ. ಝಡ್‌ಝಡ್ ಗಿಡಕ್ಕೆ ಆಲೂಗಡ್ಡೆಯಂಥ ಗೆಡ್ಡೆ, ಸ್ಪೈಡರ್ ಪ್ಲಾಂಟಿಗೆ ಬಿಳಿಯ ದಪ್ಪ ಬೇರು, ಸ್ನೇಕ್ ಪ್ಲಾಂಟಿಗೆ ನೆಲದೊಳಗೆ ಓಡುವ ಕಾಂಡದ ಜೊತೆಗೆ ರಸ ತುಂಬಿದ ಎಲೆ. ಶತಾವರಿಯ ಬೇರುಗೊಂಚಲು ಇವೆಲ್ಲಕ್ಕಿಂತ ಗಟ್ಟಿ. ಮುಳ್ಳಿದೆ, ಓಡಾಡುವ ದಾರಿಯಿಂದ ದೂರವಿಡಿ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆಯಾಗಿರುವ ರಿಯೋ ನೆಲ ಮುಚ್ಚಲು ಚೆನ್ನ. ದೊಡ್ಡಪತ್ರೆಯನ್ನು ಬೆಳಗಿನ ಎರಡು ಗಂಟೆ ಬಿಸಿಲು ಸಿಗುವ ಅಂಚಿನಲ್ಲಿ ಹಾಕಿ. ಪೂರ್ತಿ ನೆರಳಲ್ಲಿ ಅದರ ಗೆಣ್ಣುಗಳು ಉದ್ದವಾಗಿ ಜೋತುಬೀಳುತ್ತವೆ.

ಪೊದೆಗಳಲ್ಲಿ ಆಡುಸೋಗೆ ಮೊದಲ ಆಯ್ಕೆ: ದನ ಮೇಯುವುದಿಲ್ಲ, ಕಡ್ಡಿ ನೆಟ್ಟರೂ ಬರುತ್ತದೆ. ಹೂ ಬೇಕಿದ್ದರೆ ಸ್ಫಟಿಕ. ಮಳೆಗಾಲ ಮುಗಿದ ಮೇಲೆ ನೀಲಿ ಅಥವಾ ಬಿಳಿ ಹೂ ಬಿಡುತ್ತದೆ. ಬೇಲಿಯಂತೆ ಕತ್ತರಿಸಿ ನಿಲ್ಲಿಸಲು ಕಾಡು ಕರಿಬೇವು. ಆದರೆ ಪೂರ್ಣ ನೆರಳಲ್ಲಿ ಅದು ಹೂ ಬಿಡುವುದು ಕಡಿಮೆ. ಕನಕಾಂಬರವನ್ನು ಮರದಡಿ ಹಾಕುವ ಆಸೆ ಹಲವರಿಗೆ. ಅದಕ್ಕೆ ಅರೆನೆರಳು ಒಗ್ಗುತ್ತದೆ, ಬಾಯಾರಿಕೆ ಒಗ್ಗುವುದಿಲ್ಲ. ಕೊಂಬೆಯ ತುದಿಯಿಂದ ಮಳೆ ನೀರು ತೊಟ್ಟಿಕ್ಕುವ ಅಂಚಿನಲ್ಲಿ ಮಾತ್ರ ನೆಡಿ. ಕ್ರೋಟನ್ ಬದುಕುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ.

ಮನೆಯಲ್ಲಿ ಪುಟ್ಟ ಮಕ್ಕಳು, ನಾಯಿ ಬೆಕ್ಕು ಇದ್ದರೆ ಝಡ್‌ಝಡ್, ಮನಿ ಪ್ಲಾಂಟ್, ಸಿಂಗೋನಿಯಂ ಅವರ ಕೈಗೆಟುಕದಂತಿರಲಿ. ಇವುಗಳ ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಸ್ನೇಕ್ ಪ್ಲಾಂಟೂ ಸಾಕುಪ್ರಾಣಿಗಳಿಗೆ ಒಳ್ಳೆಯದಲ್ಲ. ರಿಯೋ ರಸ ತಾಗಿದರೆ ಕೆಲವರಿಗೆ ತುರಿಕೆ.

ನೆಡಲು ಜೂನ್–ಜುಲೈ ಸರಿಯಾದ ಸಮಯ. ಹಿಂಗಾರು ಚೆನ್ನಾಗಿ ಬರುವ ಕಡೆ ಸೆಪ್ಟೆಂಬರ್ ಕೂಡ ಆದೀತು. ದೊಡ್ಡ ಗಿಡಕ್ಕೆ ಹಣ ಸುರಿಯಬೇಡಿ. ದೊಡ್ಡ ಗಿಡಕ್ಕೆ ದೊಡ್ಡ ಗುಂಡಿ ಬೇಕು, ಅಷ್ಟು ಅಗೆದರೆ ಮರದ ಬೇರು ಕಡಿಯುತ್ತದೆ. ನಾಲ್ಕೈದು ಇಂಚಿನ ಕವರಿನ ಸಸಿ ಸಾಕು. ಮರದ ಕಾಂಡದಿಂದ ಎರಡು ಅಡಿ ಖಾಲಿ ಬಿಡಿ. ಅದರಾಚೆ ಎಂಟು ಇಂಚು ಆಳದ ಗುಂಡಿ ತೆಗೆಯಿರಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಅದನ್ನು ಬಿಟ್ಟು ಪಕ್ಕಕ್ಕೆ ಸರಿಯಿರಿ. ಅಗೆದ ಮಣ್ಣು ಎರಡು ಪಾಲಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಗೋಡೆ ಪಕ್ಕವಾದರೆ ಸಿಮೆಂಟು, ಇಟ್ಟಿಗೆ ಚೂರು ಆರಿಸಿ ತೆಗೆಯಿರಿ. ಸ್ಪೈಡರ್, ರಿಯೋ ಒಂದಡಿ ಅಂತರದಲ್ಲಿ, ಝಡ್‌ಝಡ್ ಒಂದೂವರೆ ಅಡಿ, ಪೊದೆಗಳು ಮೂರಡಿ.

ನೆಟ್ಟ ಸಸಿ ತಿಂಗಳೊಳಗೆ ಸಾಯಲು ದೊಡ್ಡ ಕಾರಣ ಕವರಿನೊಳಗಿನ ಗಟ್ಟಿ ಕೆಮ್ಮಣ್ಣಿನ ಹೆಂಟೆ. ಒಣಗಿದರೆ ಅದು ಇಟ್ಟಿಗೆಯಂತಾಗಿ, ಹಾಕಿದ ನೀರು ಸುತ್ತಲಿಂದ ಜಾರಿಹೋಗುತ್ತದೆ. ಮೇಲೆ ಒದ್ದೆ, ಬೇರಿಗೆ ಬರ. ನೆಡುವ ಮೊದಲು ಕವರಿನ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಆಮೇಲೆ ಕವರು ಹರಿದು, ಹೆಂಟೆಯ ಹೊರಮೈಯನ್ನು ಬೆರಳಿನಿಂದ ಸಡಿಲಿಸಿ, ಸುತ್ತಿಕೊಂಡ ಬೇರು ಬಿಡಿಸಿ ನೆಡಿ.

ಮೊದಲ ಬೇಸಿಗೆ ಮುಗಿಯುವವರೆಗೆ ಮಳೆಯಿಲ್ಲದ ವಾರದಲ್ಲಿ ಎರಡು ಸಲ, ಸಸಿಗೆ ಎರಡು ಲೀಟರಿನಂತೆ ನಿಧಾನವಾಗಿ ಹನಿಸಿ. ಗೆಡ್ಡೆಯ ಗಿಡಗಳಿಗೆ ಇದರ ಅರ್ಧ ಸಾಕು. ದಿನಾ ಒಂದು ಚೊಂಬು ಚಿಮುಕಿಸುವುದು ಕೆಟ್ಟ ಅಭ್ಯಾಸ. ಆ ನೀರು ಆಳಕ್ಕಿಳಿಯುವುದಿಲ್ಲ, ಮರದ ಬೇರುಗಳೇ ಅದನ್ನು ಹುಡುಕಿಕೊಂಡು ಗುಂಡಿಯೊಳಗೆ ಬರುತ್ತವೆ. ಎರಡನೇ ವರ್ಷ ಪೊದೆಗಳಿಗೆ ವಾರಕ್ಕೊಮ್ಮೆ, ಗೆಡ್ಡೆಯ ಗಿಡಗಳಿಗೆ ಹದಿನೈದು ದಿನಕ್ಕೊಮ್ಮೆ ನೀರು ಸಾಕು.

ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ, ಎರಡು ಇಂಚು ಹೊದಿಕೆಯಾಗಿ ಹರಡಿ. ಗಿಡದ ಬುಡಕ್ಕೆ ತಾಗದಿರಲಿ; ಗೆದ್ದಲಿನ ಮಣ್ಣಿನ ಪದರ ಕಂಡರೆ ಹೊದಿಕೆ ಸರಿಸಿ, ಮಣ್ಣು ಕೆದಕಿ ಬಿಡಿ. ಗಿಡ ಏಳಲಿಲ್ಲವೆಂದು ಮರದ ಬುಡಕ್ಕೆ ಅರ್ಧ ಅಡಿ ಹೊಸ ಮಣ್ಣು ಏರಿಸಿದರೆ ಬೇರಿಗೆ ಉಸಿರು ಕಟ್ಟಿ ಮರವೇ ಸೊರಗುತ್ತದೆ.

ಮಾವು ಹೂ ಬಿಡುವಾಗ ಜಿಗಿಹುಳುವಿನ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಹಿಡಿಯುತ್ತದೆ. ಇದು ಗಿಡದ ರೋಗವಲ್ಲ, ಔಷಧಿ ಬೇಡ. ವಾರಕ್ಕೊಮ್ಮೆ ಎಲೆಗಳ ಮೇಲೆ ನೀರು ಹಾಯಿಸಿ ತೊಳೆಯಿರಿ. ಝಡ್‌ಝಡ್, ಸ್ನೇಕ್ ಪ್ಲಾಂಟಿನ ನುಣುಪು ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.