ಸತ್ಯವೇದದ ಪಾಠವನ್ನು ಅಂಗಡಿ ಲೆಕ್ಕದ ಪುಸ್ತಕಕ್ಕೆ ತಂದೆ: ನನ್ನ ಅನುಭವ

"ದಿನಕ್ಕೆ ಇಷ್ಟೇ ಓದಿದರೆ ಸತ್ಯವೇದ ಮುಗಿಯುವುದು ಯಾವಾಗ?" ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಕೇಳಿದ್ದರು. ಸತ್ಯವೇದ ಅಂದರೆ ಬೈಬಲ್. ಅದರಲ್ಲಿ ದಿನಾ ಸ್ವಲ್ಪವೇ ಓದಿ, ಓದಿದ್ದರಲ್ಲಿ ಒಂದು ಕೆಲಸವನ್ನು ಅವತ್ತೇ ಮಾಡಿ, ಅಂಗಡಿ ಲೆಕ್ಕದ ಪುಸ್ತಕದಲ್ಲಿ ಬರೆಯುವ ಕ್ರಮ ಶುರು ಮಾಡಿದ್ದೆ. ನನ್ನ ಮಾವ ಇನ್ನೂ ನೇರ. "ನಿನ್ನ ಈ ಆಟ ಮಳೆಗಾಲ ದಾಟುವುದಿಲ್ಲ" ಎಂದರು. ಆಮೇಲೆ ನಾಲ್ಕೈದು ಮಳೆಗಾಲ ಹೋಯಿತು. ಆಟ ನಡೆಯುತ್ತಲೇ ಇದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕ ಕಡೆ ನನ್ನದೊಂದು ಸಣ್ಣ ಅಂಗಡಿ. ಅಡಿಕೆ, ಕಾಳುಮೆಣಸು, ಗೇರುಬೀಜ ಕೊಳ್ಳುವುದು ಕಸುಬು. ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಸುವವರಿಗಾಗಿ, ಸಂಡೇ ಸ್ಕೂಲ್ ಕಲಿಸುವವರಿಗಾಗಿ ಇದನ್ನು ಬರೆಯುವುದು. ಯಾಕೆ ಓದಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿದೆ, ಅಲ್ವಾ?

ಮೊದಲು ಎಲ್ಲರ ಹಾಗೆ ವರ್ಷಕ್ಕೊಮ್ಮೆ ಮುಗಿಸುವ ಹಟ ಹಿಡಿದಿದ್ದೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ಜನವರಿಯಲ್ಲಿ ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ಫೆಬ್ರವರಿಗೆ ಬಲಿ, ಶುದ್ಧಿಯ ನಿಯಮಗಳೇ ತುಂಬಿದ ಯಾಜಕಕಾಂಡ. ನಮ್ಮಲ್ಲಿ ಅದೇ ಹೊತ್ತಿಗೆ ಅಂಗಳ ತುಂಬ ಅಡಿಕೆ, ಜತೆಗೆ ಗೇರುಬೀಜ ಬರಲು ಶುರು. ಓದು ಅಲ್ಲಿಗೆ ನಿಲ್ಲುತ್ತಿತ್ತು. ಆಮೇಲೆ ಸ್ಕಾಟ್ಲೆಂಡಿನ ಮೆಕ್‌ಚೇನ್ ಎಂಬ ಸಭಾಪಾಲಕರು 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿ ಹಿಡಿದೆ. ದಿನಕ್ಕೆ ನಾಲ್ಕು ಅಧ್ಯಾಯ, ವರ್ಷದಲ್ಲಿ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ. ಒಳ್ಳೆಯ ಪಟ್ಟಿಯೇ. ಆದರೆ ನಾಲ್ಕು ಕಡೆಯಿಂದ ನಾಲ್ಕು ಮಾತು ಬಂದರೆ ಕೈಗೆ ಒಂದೂ ಹತ್ತುವುದಿಲ್ಲ. ಪಕ್ಕದ ಮನೆಯ ಬಾಯಮ್ಮನವರ ಕ್ರಮವನ್ನೂ ನೋಡಿದೆ. ಅವರ ಕ್ಯಾಥೊಲಿಕ್ ಇಗರ್ಜಿಯಲ್ಲಿ ಭಾನುವಾರದ ಪಾಠಗಳಿಗೆ ಮೂರು ವರ್ಷದ ಸುತ್ತು. ವಾರದ ದಿನಗಳ ಮೊದಲ ಪಾಠಕ್ಕೆ ಎರಡು ವರ್ಷ, ಸುವಾರ್ತೆ, ಅಂದರೆ ಯೇಸುವಿನ ಜೀವನದ ಭಾಗ, ಮಾತ್ರ ಪ್ರತಿ ವರ್ಷ ಅದೇ. "ಆರಿಸುವ ತಲೆಬಿಸಿ ನಮಗಿಲ್ಲ" ಎಂದು ಬಾಯಮ್ಮ ನಕ್ಕರು. ನಿಜ. ಆದರೆ ಓದಿ ಮುಗಿಸಿದ ಮೇಲೆ ಏನು ಅನ್ನುವ ಪ್ರಶ್ನೆ ಅವರಿಗೂ ನನಗೂ ಒಂದೇ.

ವಾಟ್ಸಾಪ್ ಗುಂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಚನ ಹಾಕಿದರೆ ಮೂವತ್ತು ಜನ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು, ಅಷ್ಟೇ. ದಪ್ಪ ವ್ಯಾಖ್ಯಾನದ ಪುಸ್ತಕ, ಬಣ್ಣದ ಪೆನ್ನು, ವರ್ಷದ ಧ್ಯಾನ ಪತ್ರಿಕೆ ಅಂತ ಐದಾರು ಸಾವಿರ ಖರ್ಚಾಗಿತ್ತು.

ಈಗಿನ ಕ್ರಮ ಸಣ್ಣದು. ಸುವಾರ್ತೆಯಿಂದಲೋ ಬೇರೆ ಪುಸ್ತಕದಿಂದಲೋ ಹತ್ತು ಹನ್ನೆರಡು ವಚನ, ಜತೆಗೆ ಜ್ಞಾನೋಕ್ತಿಗಳ ಪುಸ್ತಕದಿಂದ ಆ ದಿನದ ತಾರೀಕಿನ ಸಂಖ್ಯೆಯ ಅಧ್ಯಾಯ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳಿಗೆ ಸರಿಹೊಂದುತ್ತದೆ. ಅದರಲ್ಲಿ ಒಂದು ಕೆಲಸ ಆರಿಸುವುದು, ಸೂರ್ಯ ಮುಳುಗುವ ಮೊದಲು ಮಾಡುವುದು, ರಾತ್ರಿ ಅಂಗಡಿಯ ಜಮಾ ಖರ್ಚಿನ ಪುಸ್ತಕದಲ್ಲೇ ಬರೆಯುವುದು. ಬೇರೆ ಧ್ಯಾನದ ನೋಟ್‌ಬುಕ್ ಇಡಬೇಡಿ. ಅದನ್ನು ಕಪಾಟಿನಲ್ಲಿ ಇಟ್ಟು ಮರೆಯಬಹುದು. ಜಮಾ ಖರ್ಚು ದಿನಾ ತೆರೆಯಲೇಬೇಕು.

11ನೇ ತಾರೀಕು ಬಂತು. ಮೊದಲ ವಚನವೇ ಮೋಸದ ತಕ್ಕಡಿಯದ್ದು. ನಮ್ಮ ವ್ಯಾಪಾರದಲ್ಲಿ ಅಡಿಕೆ ತೂಗಿದಾಗ ಗೋಣಿಯ ಲೆಕ್ಕಕ್ಕೆ ಒಂದು ಕಿಲೋ ಕಳೆಯುವುದು ಅಜ್ಜನ ಕಾಲದ ಮಾಮೂಲು. ಆ ದಿನ ಖಾಲಿ ಗೋಣಿಯನ್ನೇ ತಕ್ಕಡಿಗೆ ಹಾಕಿದೆ. ಮುಕ್ಕಾಲು ಕಿಲೋ ಕೂಡ ಇಲ್ಲ! ಅಡಿಕೆಗೆ ಆಗ ಕಿಲೋಗೆ ನಾನೂರರ ಮೇಲಿತ್ತು. ಚೀಲಕ್ಕೆ ಸುಮಾರು ನೂರು, ನೂರಿಪ್ಪತ್ತು ರೂಪಾಯಿಯ ವ್ಯತ್ಯಾಸ. ಅವತ್ತಿನಿಂದ ಗೋಣಿಯನ್ನು ಬೇರೆ ತೂಗಿ, ಇದ್ದಷ್ಟೇ ಕಳೆಯಲು ಶುರು ಮಾಡಿದೆ. ಆ ಹಂಗಾಮಿನಲ್ಲಿ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಮಾವನದ್ದೂ ಇದೇ ವ್ಯಾಪಾರ. ಅವರು ಒಂದು ವಾರ ಮಾತು ಬಿಟ್ಟರು. ಮರುವರ್ಷ ಪೆರ್ಲ, ಮುಳ್ಳೇರಿಯ ಕಡೆಯಿಂದಲೂ ಚೀಲ ಬಂತು. ಹೋದ ದುಡ್ಡು ಎರಡು ಹಂಗಾಮಿನಲ್ಲಿ ತಿರುಗಿ ಬಂತು ಅಂತ ನನ್ನ ಅಂದಾಜು. ಹಾಗಂತ ಲಾಭಕ್ಕಾಗಿ ಇದನ್ನು ಶುರು ಮಾಡುವುದಾದರೆ ಬೇಡ. ಮೊದಲ ವರ್ಷ ತಡೆಯುವುದಿಲ್ಲ.

ಕೂಲಿಯ ವಿಷಯದಲ್ಲಿ ಬೇರೆಯೇ ಪಾಠ ಆಯಿತು. ಅವತ್ತಿನ ಕೂಲಿ ಹೊತ್ತು ಮುಳುಗುವ ಮೊದಲು ಕೊಡಬೇಕು ಅಂತ ಧರ್ಮೋಪದೇಶಕಾಂಡ 24ರಲ್ಲಿದೆ. ಅಡಿಕೆ ಸುಲಿಯುವ ಹೆಂಗಸರಿಗೆ ಶನಿವಾರ ಕೊಡುತ್ತಿದ್ದೆವು. ದಿನಾ ಸಂಜೆ ಕೊಡತೊಡಗಿದೆ, ಬಹಳ ಉತ್ಸಾಹದಿಂದ. ಮೂರನೇ ದಿನಕ್ಕೇ ಒಬ್ಬಾಕೆ ಬಂದರು. "ಧಣಿ, ನಮಗೆ ಶನಿವಾರವೇ ಕೊಡಿ. ಕೈಗೆ ಬಂದದ್ದು ಮನೆಯವರು ಕುಡಿದು ಮುಗಿಸುತ್ತಾರೆ. ಕುಟುಂಬಶ್ರೀ ಹೆಂಗಸರ ಸಂಘಕ್ಕೆ ವಾರದ ಉಳಿತಾಯ ಕಟ್ಟಬೇಕು." ಅರ್ಧ ಜನಕ್ಕೆ ದಿನಾ ಬೇಕು, ಅರ್ಧ ಜನಕ್ಕೆ ವಾರಕ್ಕೆ ಬೇಕು. ಈಗ ಎರಡೂ ಇದೆ. ಲೆಕ್ಕ ಇಡುವುದು ತಲೆನೋವು, ಇರಲಿ. ಯಾರಿಗಾಗಿ ಮಾಡುತ್ತೇವೋ ಅವರನ್ನು ಮೊದಲು ಕೇಳಬೇಕು. ಈ ಮೊದಲ ನಿಯಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಎರಡನೇ ನಿಯಮ ಕಲಿಸಿದ್ದು ಅಣ್ಣ. ನಮ್ಮಿಬ್ಬರಿಗೆ ಬಾವಿಯ ದಾರಿಯ ತಕರಾರು. ಮತ್ತಾಯ 5ರಲ್ಲಿ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನ ಹತ್ತಿರ ರಾಜಿಯಾಗಲು ಹೋಗು ಅಂತಿದೆಯಲ್ಲ. ಭಾನುವಾರ ಬೆಳಿಗ್ಗೆಯೇ ಹೋದೆ. ವಚನವನ್ನೂ ಹೇಳಿದೆ. ಅಣ್ಣ ಹಲ್ಲುಜ್ಜುತ್ತಾ ನೋಡಿದ. "ಓಹೋ, ಇವತ್ತಿನ ಪಾಠ ನಾನಾ?" ಅಂದ. ಅಲ್ಲಿಗೆ ಮುಗಿಯಿತು. ಆಮೇಲೆ ಬಾಯಿ ಮುಚ್ಚಿಕೊಂಡು ಅವನ ಕಡೆಯ ಪಂಪಿನ ರಿಪೇರಿಗೆ ಅರ್ಧ ದುಡ್ಡು ಹಾಕಿದೆ, ಸಾವಿರದ ಎಂಟುನೂರೋ ಏನೋ. ಈಗ ಮಾತಿದೆ. ದಾರಿ ಇನ್ನೂ ಇತ್ಯರ್ಥ ಆಗಿಲ್ಲ. ಕೆಲಸ ಮಾಡುವಾಗ ವಚನ ಹೇಳಬೇಡಿ, ಅಷ್ಟೇ.

ಎಲ್ಲರೂ ಬಿಟ್ಟುಬಿಡುವ ಯಾಜಕಕಾಂಡವೇ ನನಗೆ ಜಾಸ್ತಿ ಕೊಟ್ಟಿತು. 14ನೇ ಅಧ್ಯಾಯದಲ್ಲಿ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಅಂತಿದೆ. ಏಳು ದಿನ ಮನೆ ಮುಚ್ಚಬೇಕು, ಕೆಟ್ಟ ಕಲ್ಲು ತೆಗೆಯಬೇಕು, ಒಳಗೆಲ್ಲ ಕೆರೆದು ಹೊಸ ಮಣ್ಣು ಮೆತ್ತಬೇಕು. ಕಾಸರಗೋಡಿನ ಮಳೆಗೆ ಯಾರ ಮನೆಯಲ್ಲಿ ಬೂಷ್ಟಿಲ್ಲ ಹೇಳಿ? ಹೆಂಡತಿ ಬೈದರೂ ಹಿಂದಿನ ಕೋಣೆಯ ಗಾರೆ ಕೆರೆಸಿದೆ. ಒಳಗೆ ಪೈಪ್ ಸೋರುತ್ತಿತ್ತು. ಬರೀ ಬಣ್ಣ ಬಳಿದಿದ್ದರೆ ಪ್ರತಿ ವರ್ಷ ಬಳಿಯಬೇಕಿತ್ತು.

19ನೇ ಅಧ್ಯಾಯದಲ್ಲಿ ಹೊಲದ ಅಂಚು ಕೊಯ್ಯಬೇಡ, ಬಿದ್ದದ್ದನ್ನು ಬಡವರಿಗೆ ಬಿಡು ಅಂತಿದೆ. ನಮ್ಮ ಗೇರುಗುಡ್ಡೆಯಲ್ಲಿ ಬೇಲಿ ಬದಿಯ ಮರಗಳ ಬೀಜ ಹೆಕ್ಕುವುದು ನಿಲ್ಲಿಸಿದೆ. ಅಕ್ಕಪಕ್ಕದ ಮಕ್ಕಳು ಹೆಕ್ಕಿದರು. ಹೆಕ್ಕಿದ್ದನ್ನು ಮಾರಲು ಎಲ್ಲಿಗೆ ಬಂದರು ಗೊತ್ತಾ? ನನ್ನದೇ ಅಂಗಡಿಗೆ. ನನ್ನ ಮರದ ಬೀಜಕ್ಕೆ ಕಿಲೋಗೆ ನೂರರ ಮೇಲೆ ಎಣಿಸಿ ಕೊಟ್ಟೆ. ಜಮಾ ಖರ್ಚಿನಲ್ಲಿ ಅದನ್ನು ಯಾವ ಕಡೆ ಬರೆಯುವುದು ಅಂತ ಮಗಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಬರೀ ಹೆಸರುಗಳೇ ಇರುವ ಕಡೆ, ಅಂದರೆ ಮೊದಲನೇ ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ, ಮಾಡಲು ಏನೂ ಸಿಗುವುದಿಲ್ಲ. ಆ ದಿನಗಳಲ್ಲಿ ಮನೆಯವರೆಲ್ಲ ಸೇರಿ ಯಾರಾದರೂ ಹಳೆಯ ನೆಂಟರಿಗೆ ಫೋನ್ ಮಾಡುತ್ತೇವೆ. ಯಾವುದೂ ಮನಸ್ಸಿಗೆ ಹತ್ತದ ದಿನ ವಚನ ಆರಿಸಲು ನನ್ನದೊಂದು ಉಪಾಯ ಇದೆ. ಮಕ್ಕಳನ್ನು ಐದೂವರೆಗೆ ಎಬ್ಬಿಸಲು ಇನ್ನೊಂದು. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಚಹಾ ಕುಡಿಯುತ್ತಾ ಹೇಳುತ್ತೇನೆ.

ನಮ್ಮ ಸಭೆಯಲ್ಲಿ ಈಗ ಹದಿನೈದು ಮನೆಯವರಾದರೂ ಹೀಗೆ ಮಾಡುತ್ತಿದ್ದಾರೆ. ಅಯ್ಯನವರೂ ಒಂದು ಜಮಾ ಖರ್ಚಿನ ಪುಸ್ತಕ ತರಿಸಿಕೊಂಡಿದ್ದಾರೆ, ನನ್ನ ಅಂಗಡಿಯಿಂದಲೇ. ಶುರು ಮಾಡುವವರು ಜನವರಿ 1ಕ್ಕೆ ಕಾಯಬೇಡಿ. ಅಡಿಕೆ ಕೆಲಸ ಇರುವವರಿಗೆ ಜೂನ್ ಒಳ್ಳೆಯದು, ಕೈ ಸ್ವಲ್ಪ ಖಾಲಿ ಇರುತ್ತದೆ. ಮೊದಲ ತಿಂಗಳು ದುಡ್ಡು ಖರ್ಚಾಗದ ಕೆಲಸಗಳನ್ನೇ ಆರಿಸಿ. 6ನೇ ತಾರೀಕಿಗೆ ಮಾತ್ರ ಹುಷಾರು. ಅವತ್ತಿನ ಜ್ಞಾನೋಕ್ತಿಯಲ್ಲಿ ಜಾಮೀನು ನಿಲ್ಲಬೇಡ ಅಂತಿದೆ. ನೆಂಟರು ಬ್ಯಾಂಕಿನ ಕಾಗದ ಹಿಡಿದುಕೊಂಡು 5ಕ್ಕೇ ಬಂದುಬಿಡುತ್ತಾರೆ.