ಚುಕ್ಕಿಯ ಬಿಳಿ ಮರಿ

ನಮ್ಮ ಡ್ಯಾಶ್‌ಹಂಡ್ ನಾಯಿ ಚುಕ್ಕಿಯದು ಡ್ಯಾಪಲ್ ಬಣ್ಣ. ಬೂದಿ ಮೈ ಮೇಲೆ ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಒಂದು ಸಲ ಮರಿ ಹಾಕಿಸೋಣ ಅಂತ ಹೊರಟಾಗ ನನಗೆ ಗೊತ್ತಿದ್ದದ್ದು ಒಂದೇ ನಿಯಮ: ಡ್ಯಾಪಲ್‌ಗೆ ಡ್ಯಾಪಲ್ ಕ್ರಾಸ್ ಮಾಡಿಸಬಾರದು. ಅದಕ್ಕೇ ಹುಡುಕಿ ಹುಡುಕಿ ಕೆಂಪು ಗಂಡನ್ನು ಗೊತ್ತು ಮಾಡಿದೆ. ಅವನ ಮೈ ಮೇಲೆ ಒಂದು ಮಚ್ಚೆಯೂ ಇರಲಿಲ್ಲ.

ನಾಲ್ಕು ಮರಿ ಹುಟ್ಟಿದವು. ಒಂದು ಕೆಂಪು, ಒಂದು ಕಪ್ಪು, ಒಂದು ಅಮ್ಮನಂತೆ ಡ್ಯಾಪಲ್. ನಾಲ್ಕನೆಯದು ಮುಕ್ಕಾಲು ಪಾಲು ಬಿಳಿ. ನೋಡಲು ಬಂದವರೆಲ್ಲ ಅದನ್ನೇ ಎತ್ತಿಕೊಂಡರು. ಒಬ್ಬರಂತೂ ಅಲ್ಲೇ ಅಡ್ವಾನ್ಸ್ ಕೊಡಲು ಪರ್ಸ್ ತೆಗೆದರು. ನನಗೆ ಮಾತ್ರ ಹೊಟ್ಟೆಯಲ್ಲಿ ತಳಮಳ.

ಎರಡು ವಾರಕ್ಕೆ ಕಣ್ಣು ಬಿಟ್ಟಾಗ ಬಲಗಣ್ಣು ಎಡದ್ದಕ್ಕಿಂತ ಚಿಕ್ಕದಿತ್ತು. ಅದು ಗುಳಿಯೊಳಗೆ ಇಳಿದ ಹಾಗೆ ಕಾಣುತ್ತಿತ್ತು. ಕಿವಿಯದು ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು. ಮೊದಲು ಸ್ಟೀಲ್ ತಟ್ಟೆ ಬೀಳಿಸಿ ನೋಡಿದೆ, ಮರಿ ಬೆಚ್ಚಿತು. ಅಬ್ಬಾ ಅಂದುಕೊಂಡೆ. ಆದರೆ ಅದು ಬೆಚ್ಚಿದ್ದು ನೆಲದ ಅದುರಿಗೆ! ಮರುದಿನ ನಾಲ್ಕೂ ಮಲಗಿದ್ದಾಗ ಬಾಗಿಲ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಮೂರು ತಲೆ ಎದ್ದವು. ಬಿಳಿಯದು ಹಾಗೇ ನಿದ್ದೆಯಲ್ಲಿತ್ತು. ಮನೆಯಲ್ಲಿ ಮಾಡುವ ಈ ಪರೀಕ್ಷೆಗೆ ಒಂದೇ ಕಿವಿ ಕೇಳದಿದ್ದರೆ ಸಿಗುವುದಿಲ್ಲ. ಅದಕ್ಕೆ ಬೇರ್ ಅನ್ನುವ ಯಂತ್ರದ ಪರೀಕ್ಷೆಯೇ ಆಗಬೇಕು.

ಹಾಗಾದರೆ ಆ ಕೆಂಪು ಗಂಡು? ಅವನ ಮಾಲೀಕರನ್ನು ಕೇಳಿ ಮರಿಯಾಗಿದ್ದಾಗಿನ ಫೋಟೋ ತರಿಸಿಕೊಂಡೆ. ಕಿವಿಯ ತುದಿಯಲ್ಲಿ ಬೆರಳಗಲದ ಬೂದಿ ಕಲೆ, ದೊಡ್ಡವನಾಗುತ್ತಾ ಮಾಸಿಹೋಗಿತ್ತು. ಕೆನ್ನೆ ಒಳಗಿನ ಸ್ವಾಬ್ ಲ್ಯಾಬಿಗೆ ಕಳಿಸಿದೆವು. ಅವನೂ ಡ್ಯಾಪಲ್ಲೇ. ಪಿಎಂಇಎಲ್ ಅನ್ನುವ ಜೀನ್‌ನಲ್ಲಿ ನುಸುಳಿದ ಒಂದು ತುಣುಕಿನಿಂದ ಈ ಬಣ್ಣ ಬರುತ್ತದೆ. ಇದು ಪತ್ತೆಯಾದದ್ದು 2006ರಲ್ಲಿ. ಅದು ಕೆಡಿಸುವುದು ಕಪ್ಪು ಬಣ್ಣವನ್ನು, ಕೆಂಪನ್ನಲ್ಲ. ಹಾಗಾಗಿ ಕೆಂಪು, ಕ್ರೀಮ್ ನಾಯಿಗಳಲ್ಲಿ ಅಡಗಿಕೊಂಡುಬಿಡುತ್ತದೆ. ಇಂಥ ಇಬ್ಬರು ಸೇರಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಅದು ಬರುವ ಸಾಧ್ಯತೆ. ಅದೇ ಡಬಲ್ ಡ್ಯಾಪಲ್, ನಮ್ಮ ಬಿಳಿ ಮರಿಯ ಹಾಗೆ. ಬಣ್ಣ ಕೊಡುವ ಜೀವಕೋಶಗಳು ಒಳಗಿವಿಗೂ ಬೇಕು. ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರದಲ್ಲಿ ಕಿವಿ ಹೋಗುತ್ತದೆ.

ಐನೂರು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಫೋಟೋ ನೋಡಿ ಕ್ರಾಸ್ ಮಾಡಿಸಬೇಡಿ, ಮೊದಲು ಟೆಸ್ಟ್ ಮಾಡಿಸಿ. ನಾನು ಮಾಡಿಸಲಿಲ್ಲ, ತಪ್ಪು ನನ್ನದೇ. ‘ಅಪರೂಪದ ಬಣ್ಣ’ ಅಂತ ಜಾಸ್ತಿ ದುಡ್ಡಿಗೆ ಮಾರುವ ಬ್ಲೂ (ನೀಲಿ ಛಾಯೆಯ ಬೂದಿ), ಇಸಬೆಲ್ಲಾ (ಮಾಸಲು ತಿಳಿ ಕಂದು) ಮರಿಗಳದು ಬೇರೆಯೇ ಕಥೆ. ಅವಕ್ಕೆ ಕಣ್ಣು ಕಿವಿಯ ತೊಂದರೆಯಲ್ಲ. ಕೆಲವಕ್ಕೆ ಆರು ತಿಂಗಳಾದ ಮೇಲೆ ಬೆನ್ನಿನ ಕೂದಲು ಉದುರಲು ಶುರುವಾಗುತ್ತದೆ. ಅದು ವಾಸಿಯಾಗುವ ಕಾಯಿಲೆಯಲ್ಲ.

ಬಿಳಿ ಮರಿಯನ್ನು ಯಾರಿಗೂ ಕೊಡಲಿಲ್ಲ. ಹೆಸರು ಮೌನಿ. ಎಬ್ಬಿಸುವ ಮೊದಲು ಪಕ್ಕದ ನೆಲ ಎರಡು ಸಲ ತಟ್ಟುತ್ತೇವೆ. ಸುಮ್ನೆ ಮೈ ಮುಟ್ಟಿದರೆ ಗಾಬರಿಯಾಗಿ ಕಚ್ಚಲು ಬರುತ್ತಾನೆ. ಅಂಗೈ ನೆಲಕ್ಕೆ ತೋರಿಸಿದರೆ ಕೂರು, ಎದೆಗೆ ತಟ್ಟಿಕೊಂಡರೆ ಬಾ, ಹೆಬ್ಬೆರಳು ಎತ್ತಿದರೆ ಭೇಷ್. ಕತ್ತಲಲ್ಲಿ ಟಾರ್ಚ್ ಒಮ್ಮೆ ಮಿನುಗಿಸಿದರೆ ಒಳಗೆ ಬರಬೇಕು ಅಂತ. ಬೀದಿಯಲ್ಲಿ ಹಗ್ಗ ಬಿಚ್ಚುವುದೇ ಇಲ್ಲ, ಹಿಂದಿನಿಂದ ಬರುವ ಸ್ಕೂಟರ್ ಅವನಿಗೆ ಕೇಳುವುದಿಲ್ಲವಲ್ಲ.

ಚುಕ್ಕಿಗೆ ಇನ್ನು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದೆವು. ಮೌನಿ ಈಗಲೂ ಮಲಗುವುದು ಅವಳ ಬೆನ್ನ ಮೇಲೆ ಗದ್ದ ಇಟ್ಟೇ. ಗೇಟು ಕಿರ್ ಅಂದ ಕೂಡಲೇ ಅವಳು ಏಳುತ್ತಾಳೆ, ಅವನೂ ಎದ್ದು ಅವಳಿಗಿಂತ ಮೊದಲು ಬೊಗಳುತ್ತಾನೆ.