18:46 ಕೂಡಿದರೆ 64, ಉಳಿದ 36 ಎಲ್ಲಿ?

ಬೀದರ ಜಿಲ್ಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. 18:12 ಅನ್ನು 3:2 ಮಾಡುವುದು ಮಕ್ಕಳಿಗೆ ಬೇಗ ಬರುತ್ತದೆ. ತೊಡಕು ಇರುವುದು ಶಾಲೆಯ ಹೊರಗೆ. ಬಿದರಿ ಲೋಹದ ಪಾತ್ರೆ ಮಾಡುವವರು, ಗೌಂಡಿಗಳು, ಗೊಬ್ಬರದ ಅಂಗಡಿಯವರು, ಜನಗಣತಿಯವರು ಎಲ್ಲರೂ ಅನುಪಾತದಲ್ಲೇ ಮಾತಾಡುತ್ತಾರೆ, ಆದರೆ ಒಬ್ಬೊಬ್ಬರದು ಒಂದೊಂದು ಬಗೆ. ಅದಕ್ಕೇ ನಾಲ್ಕನ್ನೂ ಒಂದೇ ಬೋರ್ಡಿನ ಮೇಲೆ ಬರೆದು ಪಾಠ ಮಾಡತೊಡಗಿದೆ.

ಬಿದರಿಯಿಂದ ಶುರು. ಸತು 16 ಪಾಲು, ತಾಮ್ರ 1 ಪಾಲು, ತೂಕದ ಲೆಕ್ಕ. ಒಟ್ಟು 17 ಪಾಲು, 1.7 ಕೆ.ಜಿ. ಎರಕಕ್ಕೆ 1.6 ಕೆ.ಜಿ. ಸತು, 100 ಗ್ರಾಂ ತಾಮ್ರ. ಹೂದಾನಿಯಾಗಲಿ, ಸಣ್ಣ ಡಬ್ಬಿಯಾಗಲಿ, ಲೆಕ್ಕ ಇದೇ.

ಕಾಂಕ್ರೀಟಿನ 1:2:4 ಹಾಗಲ್ಲ. ಒಂದು ಬುಟ್ಟಿ ಸಿಮೆಂಟಿಗೆ ಎರಡು ಬುಟ್ಟಿ ಉಸುಕು, ನಾಲ್ಕು ಬುಟ್ಟಿ ಖಡಿ. ಇಲ್ಲಿ ತೂಕವಿಲ್ಲ, ಬುಟ್ಟಿಯ ಅಳತೆ. "ಒಟ್ಟು ಏಳು ಬುಟ್ಟಿ ಕಾಂಕ್ರೀಟ್ ಆಗ್ತದೇನು?" ಎಂದು ಕೇಳಿದರೆ ಗೌಂಡಿ ಮನೆಯ ಹುಡುಗನೇ ಮೊದಲು ಎದ್ದು ನಿಲ್ಲುತ್ತಾನೆ: "ಆಗೂದಿಲ್ರಿ ಸರ್, ಉಸುಕು ಖಡಿ ಸಂದ್ಯಾಗ ಇಳಿತದ." ಪಾಲು ಕೂಡಿದರೆ ಒಟ್ಟು ಬರಲೇಬೇಕು ಎಂಬ ನಂಬಿಕೆ ಅಲ್ಲಿಗೆ ಸಡಿಲಾಗುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲುವುದು ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಹತ್ತಿರ. ಮೇಲೆ 18:46:0 ಎಂದಿದೆ. ಕೂಡಿದರೆ 64. ಉಳಿದ 36 ಏನು? ಇವು ಪಾಲುಗಳಲ್ಲ, ಶೇಕಡಾ. ನೂರು ಕೆ.ಜಿ. ಗೊಬ್ಬರದಲ್ಲಿ 18 ಕೆ.ಜಿ. ಸಾರಜನಕ, 46 ಕೆ.ಜಿ. ರಂಜಕ (ಆಮ್ಲಜನಕ ಕೂಡಿದ ಪೆಂಟಾಕ್ಸೈಡ್ ರೂಪದ ಲೆಕ್ಕದಲ್ಲಿ), ಪೊಟ್ಯಾಷ್ ಸೊನ್ನೆ. ಉಳಿದ 36 ಈ ಮೂರರ ಲೆಕ್ಕಕ್ಕೆ ಬಾರದ ಭಾಗ. ಆ ಸೊನ್ನೆಯನ್ನೂ ಬಿಡುವಂತಿಲ್ಲ. ಬಿಟ್ಟರೆ ಯಾವ ಅಂಕಿ ಯಾವುದರದು ಎಂಬುದೇ ಕಲಸಿಹೋಗುತ್ತದೆ. 50 ಕೆ.ಜಿ. ಚೀಲದಲ್ಲಿ ಸಾರಜನಕ 9, ರಂಜಕ 23 ಕೆ.ಜಿ.

ಇನ್ನು ತೊಗರಿಗೆ ಹೇಳುವ 25:50. ಇದು ಶೇಕಡಾವೂ ಅಲ್ಲ, ಹೆಕ್ಟೇರಿಗೆ ಸಾರಜನಕ ಇಷ್ಟು ಕೆ.ಜಿ., ರಂಜಕ ಇಷ್ಟು ಕೆ.ಜಿ. ಎಂದು. ಎರಡನ್ನೂ ಹೋಲಿಸಬೇಕಾದರೆ ಸಾರಜನಕವನ್ನು 1 ಮಾಡಿಕೊಳ್ಳಬೇಕು. ಬೆಳೆ ಕೇಳುವುದು 1:2, ಚೀಲ ಕೊಡುವುದು ಸುಮಾರು 1:2.56. ಅಂದರೆ ರಂಜಕ ಸರಿಹೋಗುವಷ್ಟು ಡಿಎಪಿ ಹಾಕಿದಾಗ ಸಾರಜನಕ ಕಡಿಮೆ ಬೀಳಲೇಬೇಕು. ಎಷ್ಟು? 50 ಕೆ.ಜಿ. ರಂಜಕಕ್ಕೆ ಡಿಎಪಿ ಸುಮಾರು 109 ಕೆ.ಜಿ.; ಅದರಲ್ಲಿ ಸಾರಜನಕ 19.6. ಕೊರತೆ 5.4 ಕೆ.ಜಿ. ಯೂರಿಯಾದಲ್ಲಿ ಸಾರಜನಕ ಶೇ. 46, ಹಾಗಾಗಿ ಸುಮಾರು 12 ಕೆ.ಜಿ. ಯೂರಿಯಾ ಸಾಕು. ಹೊಲ ಇರುವ ಮನೆಯ ಮಕ್ಕಳು ಇದನ್ನು ಎಕರೆಗೆ ಇಳಿಸಿಕೊಂಡು, 2.5ರಿಂದ ಭಾಗಿಸಿ, ಮನೆಗೆ ಒಯ್ಯುತ್ತಾರೆ. ಈ ಪಾಠದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಅದು.

ಕೊನೆಗೆ ಲಿಂಗಾನುಪಾತ. 2011ರ ಜನಗಣತಿಯಲ್ಲಿ ಬೀದರ 956, ಕಲಬುರಗಿ 971, ಯಾದಗಿರಿ 989. ಇಡೀ ರಾಜ್ಯಕ್ಕೆ 973. ಎರಡು ಚುಕ್ಕಿಯೇ ಇಲ್ಲ, ಸಾವಿರ ಗಂಡಸರಿಗೆ ಎಂಬುದು ಹೇಳದೆಯೇ ಸೇರಿಕೊಂಡಿದೆ. ಮೂರರಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿರುವುದು ಕಲಬುರಗಿಯಲ್ಲಿ, ಅದು ದೊಡ್ಡ ಜಿಲ್ಲೆ. ಅನುಪಾತದಲ್ಲಿ ಮೇಲಿರುವುದು ಎಲ್ಲಕ್ಕಿಂತ ಕಡಿಮೆ ಜನಸಂಖ್ಯೆಯ ಯಾದಗಿರಿ. ನಮ್ಮ ಬೀದರ ರಾಜ್ಯಕ್ಕಿಂತ 17 ಕೆಳಗಿದೆ. ಏಕೆ ಎಂದು ಹುಡುಗಿಯರು ಕೇಳುತ್ತಾರೆ. ಆವತ್ತು ಉಳಿದ ಲೆಕ್ಕಗಳನ್ನು ಪಕ್ಕಕ್ಕಿಟ್ಟು ಅದನ್ನೇ ಮಾತಾಡುತ್ತೇವೆ.